ವೈನಿಯ ಜಮಖಾನಿ

ಎದುರು ಮನೆಗೆ ಹೊಸದಾಗಿ ಬಂದವರು ಭಾನುವಾರ ಸಿಗಡಿ ತರುತ್ತಾರೆ. ಮೂರನೇ ಮಹಡಿ ಹತ್ತುವಷ್ಟರಲ್ಲಿ ಎರಡು ಕಡೆ ನಿಂತು ಉಸಿರು ತೆಗೆದುಕೊಳ್ಳುವ ವಯಸ್ಸು ನನ್ನದು. ಮೊನ್ನೆ ಹಾಗೆ ನಿಂತಿದ್ದಾಗ ಆ ಹಸಿ ವಾಸನೆ ಮೂಗಿಗೆ ಬಡಿಯಿತು. ನಾವು ಅದನ್ನೆಲ್ಲ ಮುಟ್ಟದ ಜನ. ಆದರೂ ವಾಸನೆ ನನಗೆ ಹೊಸದಲ್ಲ. ಅದೇ ಬಾಗಿಲಿನ ಹಿಂದೆ ವೈನಿ ಇದ್ದರು...

ವೈನಿ ಅಂದರೆ ನಮ್ಮ ಕಡೆ ಅತ್ತಿಗೆ, ಆದರೆ ಅವರು ನನಗೆ ಸಂಬಂಧದಲ್ಲಿ ಏನೂ ಆಗಬೇಕಿರಲಿಲ್ಲ. ರಾಯಚೂರಿನವರು, ಮದುವೆಯಾಗಿ ಈ ತೆಲುಗು ಊರಿನ ಕಾಚಿಗೂಡಕ್ಕೆ ಬಂದವರು, ಗಂಡ ಹೋದ ಮೇಲೆ ಒಬ್ಬರೇ ಇದ್ದವರು. ದಿನವಿಡೀ ತೆಲುಗು, ಹಿಂದಿ ಆಡಿ ನಾಲಿಗೆ ಸೋತ ನಾವಿಬ್ಬರೂ ಸಂಜೆ ಮೆಟ್ಟಿಲ ಮೇಲೆ ಕೂತು ಕನ್ನಡದಲ್ಲಿ ದಣಿವಾರಿಸಿಕೊಳ್ಳುತ್ತಿದ್ದೆವು. ಅವರು ಒಂದು ಕಾಲೇಜಿನ ಪ್ರಾಣಿಶಾಸ್ತ್ರದ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದರು. ಔಷಧಿ ನೀರಿನಲ್ಲಿ ಮುಳುಗಿಸಿಟ್ಟ ಸಮುದ್ರದ ಜೀವಿಗಳ ಗಾಜಿನ ಭರಣಿಗಳನ್ನು ಒರೆಸಿ, ಚೀಟಿ ಅಂಟಿಸಿ, ಕಪಾಟಿನಲ್ಲಿ ಜೋಡಿಸುವುದು ಅವರ ಕೆಲಸ.

"ಮೂವತ್ತು ವರ್ಷ ಸತ್ತದ್ದನ್ನ ಒರಸೀನಿ ತಂಗಿ. ಒಂದಾದರ ಜೀವಂತ ನೋಡಬೇಕು," ಎನ್ನುತ್ತಿದ್ದರು.

ನಿವೃತ್ತಿಯಾದದ್ದೇ ತಡ, ನಡುಮನೆಯಲ್ಲಿ ದಿವಾನದಷ್ಟು ಉದ್ದದ ಗಾಜಿನ ತೊಟ್ಟಿ ಬಂತು. ಸಮುದ್ರವಿಲ್ಲದ ಊರಿನಲ್ಲಿ ಪೊಟ್ಟಣದ ಉಪ್ಪು ಕಲಸಿ ಸಮುದ್ರ ಮಾಡಿಕೊಂಡರು. ಅದರೊಳಗೆ ಊಟದ ತಟ್ಟೆಯಷ್ಟು ಅಗಲದ ಒಂದು ಜೀವ. ನೋಡುವುದಕ್ಕೆ ಹೂವು, ಆದರೆ ಪ್ರಾಣಿ. ಹಸಿರು ಜಮಖಾನೆ ಹಾಸಿದ ಹಾಗೆ ಮರಳಿನ ಮೇಲೆ ಹರಡಿಕೊಂಡಿರುತ್ತಿತ್ತು. ಮೈತುಂಬ ಗಿಡ್ಡ ಎಳೆಗಳು, ಮುಟ್ಟಿದರೆ ಬೆರಳಿಗೆ ಅಂಟುತ್ತಿದ್ದವು. ಬಿಳಿ ಪಟ್ಟೆಯ ಎರಡು ಕಿತ್ತಳೆ ಬಣ್ಣದ ಮೀನುಗಳು ಅದರ ಮೇಲೆ ಹೊರಳಾಡುತ್ತಿದ್ದವು. ಬೇರೆ ಮೀನು ಹತ್ತಿರ ಬಂದರೆ ನುಂಗಿಬಿಡುತ್ತದಂತೆ. ವೈನಿ ಅದನ್ನು ಜಮಖಾನಿ ಎಂದೇ ಕರೆದರು.

ಅದಕ್ಕೆ ವಾರಕ್ಕೆರಡು ಸಲ ಸಿಗಡಿ ಬೇಕು. ಬಾಲ್ಕನಿಯಲ್ಲಿ ಬೇರೆ ಚಾಕು, ಬೇರೆ ಮಣೆ ಇಟ್ಟುಕೊಂಡಿದ್ದರು. ಮುಖ ತಿರುಗಿಸಿಕೊಂಡು ಹೆಚ್ಚಿ, ತಿನ್ನಿಸಿ, ಸ್ನಾನ ಮಾಡಿಯೇ ದೇವರ ಮನೆಗೆ ಹೋಗುತ್ತಿದ್ದರು. ಏಕಾದಶಿಯಂದು ಮಾತ್ರ ಜಮಖಾನಿಗೂ ಉಪವಾಸ.

"ನನ್ನ ಮನ್ಯಾಗ ಇರೂದಂದ್ರ ನನ್ನಂಗ ಇರಬೇಕು."

"ಹಂಗಾದ್ರ ಮಠಕ್ಕ ಒಯ್ದು ಸ್ವಾಮಿಗಳ ಕಡಿಂದ ಅದಕ್ಕೊಂದು ಮುದ್ರಾನೂ ಹಾಕಿಸಿಬಿಡ್ರಿ ವೈನಿ," ಎಂದು ನಾನು ಛೇಡಿಸುತ್ತಿದ್ದೆ.

ಅವರಿಗಿದ್ದ ಆಸೆ ಒಂದೇ: ಅದು ಮರಿ ಮಾಡಬೇಕು. ಮನೆಯ ತೊಟ್ಟಿಯಲ್ಲಿ ಈ ಜಾತಿ ಮರಿ ಮಾಡುವುದು ಬಲು ಅಪರೂಪ. ಬ್ಲೇಡಿನಿಂದ ಎರಡು ಹೋಳು ಮಾಡಿ ನೋಡಿ ಎಂದು ಯಾರೋ ಹೇಳಿದ್ದಕ್ಕೆ ಒಂದು ವಾರ ಅವರೊಡನೆ ಮಾತು ಬಿಟ್ಟಿದ್ದರು. ಉಪ್ಪು ಅಳೆದು, ಬಿಸಿ ಅಳೆದು, ಬೆಳಕು ಅಳೆದು ನಾಲ್ಕು ವರ್ಷ ಕಾದರು. ಐದನೆಯ ವರ್ಷ, ಯುಗಾದಿ ಕಳೆದ ಮೇಲೆ, ಕಲ್ಲಿನ ಬುಡದಲ್ಲಿ ರೂಪಾಯಿ ಬಿಲ್ಲೆಯಷ್ಟಿನ ಇನ್ನೊಂದು ಕಾಣಿಸಿತು. ವೈನಿ ನನ್ನ ಬಾಯಿಗೆ ಸಕ್ಕರೆ ಹಾಕಿ ಕೈಹಿಡಿದು ಎಳೆದೊಯ್ದರು.

ಮರಿಗೆ ತಿಂಗಳು ತುಂಬುವ ಮೊದಲೇ ರಾಯಚೂರಿನಲ್ಲಿ ಅವರ ಅಕ್ಕ ಬಿದ್ದು ಸೊಂಟ ಮುರಿದುಕೊಂಡರು. ವೈನಿ ಎಂಟು ದಿನಕ್ಕೆ ಹೊರಟರು. ಮನೆಯ ಕೀಲಿ ನನ್ನ ಕೈಗೆ ಬಂತು. ಮೂಲೆಯಲ್ಲಿ ಎರಡು ಕ್ಯಾನುಗಳಿದ್ದವು, ಒಂದರಲ್ಲಿ ಉಪ್ಪು ಕಲಸಿದ ನೀರು, ಒಂದರಲ್ಲಿ ಶುದ್ಧ ಮಾಡಿದ ಸಪ್ಪೆ ನೀರು. "ಬ್ಯಾಸಗಿ ಐತಿ, ನೀರು ಭಾಳ ಇಳೀತೈತಿ. ಇಳಿದಷ್ಟು ಸಪ್ಪನ ನೀರು ಹಾಕವಾ," ಎಂದು ಎರಡು ಸಲ ಹೇಳಿದರು.

ನಾನು ಜಾಣೆ. ಮರುದಿನ ನೋಡಿದರೆ ಎರಡು ಬೆರಳು ನೀರು ಇಳಿದಿತ್ತು. ಸಮುದ್ರದ ಜೀವಕ್ಕೆ ಸಪ್ಪೆ ನೀರೇ? ಭರಣಿಯಲ್ಲಿ ಉಪ್ಪಿನಕಾಯಿಯ ನೀರು ಇಳಿದರೆ ಉಪ್ಪುನೀರನ್ನೇ ಹಾಕಬೇಕು, ಸಪ್ಪೆ ಹಾಕಿದರೆ ಬೂಷ್ಟು ಹಿಡಿಯುತ್ತದೆ... ನಮ್ಮವ್ವ ಕಲಿಸಿದ್ದು ಅದು. ವೈನಿ ಗಡಿಬಿಡಿಯಲ್ಲಿ ಅದಲುಬದಲು ಹೇಳಿರಬೇಕೆಂದು ನಾನೇ ತೀರ್ಮಾನಿಸಿದೆ. ದಿನಾ ಉಪ್ಪುನೀರು ಸುರಿದೆ. ಆವಿಯಾಗಿ ಹೋಗುವುದು ಬರೀ ನೀರು, ಉಪ್ಪು ಒಳಗೇ ಉಳಿಯುತ್ತದೆ ಎಂಬುದು ನನಗೆ ಹೊಳೆಯಲೇ ಇಲ್ಲ. ಆರನೆಯ ದಿನ ಮರಿ ಮುದುಡಿ, ಬೆಳ್ಳಗಾಗಿ, ಕಲ್ಲಿನಿಂದ ಕಳಚಿ ಬಿದ್ದಿತ್ತು. ಗಾಬರಿಯಲ್ಲಿ ಸಪ್ಪೆ ನೀರನ್ನೆಲ್ಲ ಒಮ್ಮೆಲೇ ಸುರಿದೆ. ದೊಡ್ಡದು ಹೇಗೋ ಉಳಿಯಿತು. ಮರಿ ಕರಗಿಹೋಯಿತು.

ವೈನಿ ಬಂದು ತೊಟ್ಟಿಯೊಳಗೆ ಕಲ್ಲಿನ ಬುಡವನ್ನೆಲ್ಲ ಹುಡುಕಿದರು. ಆಮೇಲೆ ಕ್ಯಾನಿನ ಕಡೆ ನೋಡಿ, "ಉಪ್ಪನ್ನೀರು ಎಲ್ಲಿ ಹೋತು?" ಎಂದರು.

"ಒರಸೂ ಮುಂದ ಕಾಲು ತಾಗಿ ಚೆಲ್ಲಿತ್ರಿ," ಎಂದೆ.

ಅವರು ನಂಬಿದರು. ನೆಲದ ಮೇಲೆ ಕೂತು, "ತಪ್ಪು ನಂದ. ಅಷ್ಟು ಸಣ್ಣದನ್ನ ಬಿಟ್ಟು ನಾ ಹೋಗಬಾರದಿತ್ತು," ಎಂದರು. ನನಗೆ ನಾಚಿಕೆಯಾಯಿತು. ಆದರೆ ನಾಚಿಕೆಗಿಂತ ಹೆಚ್ಚಾಗಿ, ತಪ್ಪಿಸಿಕೊಂಡೆ ಎಂಬ ಸಮಾಧಾನವೇ ಆಯಿತು. ಈಗ ಸುಳ್ಳು ಹೇಳಿ ಏನು ಪ್ರಯೋಜನ, ಹಾಗೇ ಆಯಿತು.

ಆಮೇಲೆ ವೈನಿ ಎಲ್ಲೂ ರಾತ್ರಿ ತಂಗಲಿಲ್ಲ. ಊರೊಳಗೇ ಇರುವ ಲಿಂಗಂಪಲ್ಲಿಯ ಸೋದರಳಿಯನ ಮದುವೆಯಲ್ಲೂ ಅಕ್ಷತೆ ಹಾಕಿ ಊಟಕ್ಕೆ ನಿಲ್ಲದೆ ಬಂದರು. ಮೂರು ವರ್ಷ ಕಳೆದು ಅಕ್ಕ ಹಾಸಿಗೆ ಹಿಡಿದಾಗ, ನಾಲ್ಕು ದಿನ ಬಂದು ಪಕ್ಕದಲ್ಲಿ ಕೂರು ಎಂದು ಆಕೆಯೇ ಫೋನಿನಲ್ಲಿ ಅತ್ತರಂತೆ.

"ಹೋಗಿ ಇದ್ದು ಬರ್ರಿ ವೈನಿ. ನಾ ನೋಡಿಕೋತೀನಿ," ಎಂದೆ.

"ಬ್ಯಾಡ ತಂಗಿ. ನೀ ಎಷ್ಟು ಚಂದ ನೋಡಿದರೂ ನಾ ಇಲ್ಲದಾಗ ಅದು ಬದುಕಂಗಿಲ್ಲ. ಒಮ್ಮೆ ನೋಡೀನಲ್ಲ."

ಆಗಲಾದರೂ ಹೇಳಬೇಕಿತ್ತು. ಚಹಾ ಮಾಡಲೇನ್ರಿ ಎಂದು ಎದ್ದುಬಿಟ್ಟೆ. ವೈನಿ ಬೆಳಿಗ್ಗೆ ಹೋಗಿ ಅದೇ ಸಂಜೆ ತಿರುಗಿ ಬಂದರು. ಮೂರನೆಯ ದಿನ ಅಕ್ಕ ಹೋದ ಸುದ್ದಿ ಬಂತು.

ವೈನಿ ಹೋಗಿಯೂ ಎರಡು ವರ್ಷವಾಯಿತು. ತೊಟ್ಟಿಯನ್ನು ಯಾರೋ ಹವ್ಯಾಸಿಗಳು ಒಯ್ದರು. ಜಮಖಾನಿ ಈಗಲೂ ಇದೆಯೋ ಇಲ್ಲವೋ, ವಿಚಾರಿಸುವ ತ್ರಾಣ ನನಗಿಲ್ಲ. ಈಚೆಗೆ ಎಲ್ಲದಕ್ಕೂ ಆಯಾಸ. ಉಪ್ಪುನೀರು ಹಾಕಿದ್ದು ನಾನು, ವೈನಿ, ಎಂದಿದ್ದರೆ ಸಾಕಿತ್ತು. ಬೈಯುತ್ತಿದ್ದರು, ಒಂದು ವಾರ ಮಾತು ಬಿಡುತ್ತಿದ್ದರು. ಆಮೇಲೆ ಕೀಲಿಯನ್ನು ಬೇರೆ ಯಾರಿಗಾದರೂ ಕೊಟ್ಟು, ಅಕ್ಕನ ಹಾಸಿಗೆಯ ಪಕ್ಕ ನಾಲ್ಕು ದಿನ ಕೂತು ಬರುತ್ತಿದ್ದರು.