ಎಡಚನ ತಾಮ್ರದ ಸುರುಳಿ

ನಮ್ಮಣ್ಣ ಫ್ರಿಜ್ ಮೆಕ್ಯಾನಿಕ್. ಬೀದಿಯವರಿಗೆಲ್ಲ ‘ಎಡಚ’. ಊರವರ ಫ್ರಿಜ್ ರಿಪೇರಿ ಮಾಡುವವನ ಮನೆಯ ಫ್ರಿಜ್ ಬಾಗಿಲಿಗೆ ದಾರ ಕಟ್ಟಿದೆ. ಹಳೇ ಕಂಪ್ರೆಸರ್ ಎರಡನ್ನು ಜೋಡಿಸಿ, ಮೈನಸ್ ಎಂಬತ್ತು ಡಿಗ್ರಿಗೆ ಇಳಿಯುವ ಪೆಟ್ಟಿಗೆ ಮಾಡುತ್ತೇನೆಂದು ಎರಡು ವರ್ಷದಿಂದ ಹಿಂದಿನ ಕೋಣೆ ಸೇರಿದ್ದ. ಅದು ಯಾರಿಗೂ ಬೇಕಿರಲಿಲ್ಲ. ನಾನಂತೂ ಬೇಕಾದಷ್ಟು ಗೇಲಿ ಮಾಡಿದ್ದೇನೆ.

ಕೊನೆಗೆ ಅದು ನನಗೇ ಬೇಕಾಯಿತು. ನಮ್ಮ ಲ್ಯಾಬಿನ ಶೀತಲ ಪೆಟ್ಟಿಗೆ ಕೆಟ್ಟಿತು. ಆರು ವರ್ಷ ಹೊಲಹೊಲ ಅಲೆದು ನಾನು ಕೂಡಿಸಿದ್ದ ಮಣ್ಣಿನ ಸೂಕ್ಷ್ಮಾಣುಗಳ ಇನ್ನೂರನಲವತ್ತು ಪುಟ್ಟ ಸೀಸೆಗಳು ಡ್ರೈ ಐಸ್ ಡಬ್ಬಕ್ಕೆ ಬಂದವು. ಕರಗಿದರೆ ಸತ್ತವು. ಐಸ್ ನಾಲ್ಕು ದಿನಕ್ಕೆ ಸಾಕು, ಮತ್ತೆ ಸಿಗುವುದು ವಾರದ ಮೇಲೆ. ನಾಚಿಕೆ ಬಿಟ್ಟು ಅಣ್ಣನ ಬಳಿ ಹೋದೆ. ಅವನು ನನ್ನ ಗೇಲಿಯ ಮಾತೆತ್ತಲಿಲ್ಲ.

ಉಳಿದಿದ್ದು ಸುರುಳಿಯ ಕೆಲಸ. ದಪ್ಪ ತಾಮ್ರದ ಕೊಳವೆಯೊಳಗೆ ಸಣ್ಣದನ್ನು ತೂರಿಸಿ ಎರಡನ್ನೂ ಒಟ್ಟಿಗೆ ಸುತ್ತಬೇಕು. ಒಳಗೆ ಬಿಸಿ ಅನಿಲ ಹೋಗುತ್ತದೆ, ಹೊರಗೆ ತಣ್ಣನೆಯದು ಎದುರಿನಿಂದ ಬಂದು ದಾರಿಯುದ್ದಕ್ಕೂ ಅದರ ಬಿಸಿ ಕಸಿದುಕೊಳ್ಳುತ್ತದೆ. ಆರು ಮೀಟರ್ ಕೊಳವೆ ಸಣ್ಣ ಬಕೆಟ್ಟಿನಷ್ಟು ಜಾಗದಲ್ಲಿ, ಎಲ್ಲೂ ಚಪ್ಪಟೆಯಾಗದೆ ಕೂತಿತು. ಅಣ್ಣ ಅದನ್ನು ಕೂಸಿನ ಹಾಗೆ ಎತ್ತಿ ತೋರಿಸಿದ.

ಎರಡನೇ ದಿನ ಓಡಿಸಿ ನೋಡಿದಾಗ ಅತ್ತಿಗೆ ಬಂದು ಸುರುಳಿಯ ಎರಡೂ ತುದಿ ಮುಟ್ಟಿದಳು. ಅವಳು ಟೈಲರ್. ಈ ತುದಿಯಲ್ಲಿ ಒಂದು ಕೊಳವೆ ಬಿಸಿ, ಇನ್ನೊಂದು ಕೊರೆಯುವ ಚಳಿ; ಆ ತುದಿಯಲ್ಲಿ ಎರಡೂ ಒಂದೇ ಹದ. ತೋಳು ತಿರುಗಾಮುರುಗಾ ಹೊಲಿದ ಹಾಗಿದೆಯಲ್ಲ ಅಂದಳು. ಸೂಜಿ ಹಿಡಿಯುವವರಿಗೆ ಇದೆಲ್ಲ ತಿಳಿಯಲ್ಲ ಎಂದು ಅಣ್ಣ ನಕ್ಕ. ನಾನೂ ನಕ್ಕೆ. ಚಳಿ ಸೋರದಂತೆ ಸುತ್ತ ಫೋಮ್ ತುಂಬಿ ಅಣ್ಣ ಮುಚ್ಚಿಯೇಬಿಟ್ಟ.

ಮೂರನೇ ದಿನ ಮೈನಸ್ ಐವತ್ತೆರಡಕ್ಕೆ ಬಂದು ನಿಂತಿತು. ಗ್ಯಾಸ್ ಬದಲಾಯಿಸಿದರೂ ಜಪ್ಪಯ್ಯ ಅನ್ನಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಅಣ್ಣ ಪುಸ್ತಕದಿಂದ ಇಳಿಸಿಕೊಂಡಿದ್ದ ಸುರುಳಿಯ ನಕ್ಷೆ ಹರಡಿ, ಗೆರೆಗೆರೆಯನ್ನೂ ಬೆರಳಿಟ್ಟು ನೋಡಿದ. ನಕ್ಷೆ ಬಲಗೈಯವರು ಸುತ್ತುವ ಲೆಕ್ಕದ್ದು. ಇವನು ಎಡಗೈಯಲ್ಲಿ ಸುತ್ತಿದ್ದರಿಂದ ತುದಿಗಳು ಅದಲುಬದಲಾಗಿದ್ದವು, ಬೆಸೆಯುವಾಗ ಒಳಕೊಳವೆಯನ್ನು ಅದಕ್ಕೆ ತಕ್ಕಂತೆ ತಿರುಗಿಸಿದವನು ಹೊರಗಿನದನ್ನು ನಕ್ಷೆಯಂತೆಯೇ ಹಾಕಿದ್ದ. ಬಿಸಿಯೂ ಚಳಿಯೂ ಎದುರುಬದುರಾಗಿ ಬರುವ ಬದಲು ಒಂದೇ ಕಡೆಗೆ ಓಡಿ, ಅರ್ಧದಾರಿಯಲ್ಲೇ ಸಮವಾಗಿಬಿಡುತ್ತಿದ್ದವು.

‘ನೀನು ಸರಿಯಾಗೇ ಹೇಳಿದ್ದೆ ಕಣೆ,’ ಅಂದ ಅತ್ತಿಗೆಗೆ. ‘ನಾನೇ ಕೇಳಲಿಲ್ಲ.’

ತಪ್ಪು ಒಪ್ಪಿಕೊಂಡ ಅಣ್ಣನನ್ನು ನಾನು ಅವತ್ತೇ ಮೊದಲು ಕಂಡದ್ದು. ಅತ್ತಿಗೆ ಚಾಕು ತಂದು ಫೋಮ್ ಕೆರೆಯತೊಡಗಿದಳು.

ಬೆಸುಗೆ ಬಿಚ್ಚಿ ತಿರುಗಿಸಿ ಹಾಕಿದ ಮೇಲೆ, ಸಂಜೆಗೆ ಮೈನಸ್ ಎಂಬತ್ತೊಂದು. ನನಗೆ ಅಳುವೇ ಬಂತು. ಡಬ್ಬ ತೆರೆದರೆ ಮೇಲಿನ ಸಾಲಿನ ಮೂವತ್ತೊಂದು ಸೀಸೆ ಕರಗಿದ್ದವು. ಅಣ್ಣನ ಮೇಲೆ ಸಿಟ್ಟು ಉಕ್ಕಿತು. ನಾನೂ ನಕ್ಕವಳೇ ಅಲ್ಲವೇ ಎಂದು ನುಂಗಿಕೊಂಡು, ಉಳಿದವನ್ನು ಒಳಗಿಟ್ಟೆ.

ಕರಗಿದವನ್ನು ಎಸೆಯಹೋದರೆ ಅಣ್ಣ ಕೈ ತಡೆದ. ಒಂದೊಂದರ ಮೇಲೂ ಬರೆದಿದ್ದ ಹೊಲದ ಗುರುತನ್ನು ನನ್ನಿಂದ ಓದಿಸಿ ತನ್ನ ನಕ್ಷೆಯ ಹಿಂದೆ ಬರೆದುಕೊಂಡ.

‘ಭಾನುವಾರ ಇಲ್ಲಿಂದ ಶುರು ಮಾಡೋಣ,’ ಅಂದ ಪಟ್ಟಿಯ ಮೊದಲ ಹೊಲ ತೋರಿಸಿ. ‘ಮಣ್ಣು ನಾನು ಅಗೀತೀನಿ.’