ಅಗುಳಿ ಹಾಕಿದ ಮೇಲೂ

ನನ್ನ ಮನೆಯ ಬಾಗಿಲಿಗೆ ಗಟ್ಟಿ ಅಗುಳಿ ಇದೆ. ಆದರೂ ರಾತ್ರಿ ಮೂರು ಸಲ ಎದ್ದು ಮುಟ್ಟಿ ನೋಡುತ್ತೇನೆ. ಕಳ್ಳ ಬಂದರೂ ಅವನಿಗೆ ಸಿಗುವುದು ಹುಡುಗರ ಉತ್ತರಪತ್ರಿಕೆಗಳು. ಅವನ್ನು ಹೊತ್ತುಕೊಂಡು ಹೋದರೆ ಈ ಮಂಡ್ಯದ ಮೇಷ್ಟರಿಗೆ ಉಪಕಾರವೇ.

ಹೆಂಡತಿ ತೀರಿಕೊಂಡು ಎರಡು ವರ್ಷವಾಯಿತು. ಅಗುಳಿ ನೋಡುವುದು, ಒಲೆಯ ಕೆಂಡ ಆರಿಸುವುದು ಎಲ್ಲ ಅವಳ ಪಾಲಿಗಿತ್ತು. ಅವಳು ಮಲಗುವ ಮೊದಲೇ ನನ್ನ ಗೊರಕೆ ಶುರುವಾಗುತ್ತಿತ್ತು, ಬೈಯುತ್ತಿದ್ದಳು. ಈಗ ಗೊರಕೆಯೂ ಇಲ್ಲ, ಬೈಯುವವಳೂ ಇಲ್ಲ. ಯುದ್ಧದ ಕಾಲ, ಸೀಮೆಎಣ್ಣೆ ಸಿಗುವುದೇ ಕಷ್ಟ. ದೀಪ ಹಚ್ಚಿಕೊಂಡು ಓದುತ್ತಾ ಕೂರುವ ಹಾಗೂ ಇಲ್ಲ.

ಡಾಕ್ಟರ ಹತ್ತಿರ ಹೋದೆ. ಮೂತ್ರಪಿಂಡದ ನೆತ್ತಿಯ ಮೇಲೆ ಟೋಪಿಯ ಹಾಗೆ ಒಂದು ಪುಟ್ಟ ಗ್ರಂಥಿ ಇದೆಯಂತೆ. ದಿಗಿಲಾದಾಗ ಅದು ರಕ್ತಕ್ಕೆ ಒಂದು ರಸ ಸುರಿಯುತ್ತದಂತೆ. ಎದೆ ಹೊಡೆದುಕೊಳ್ಳುತ್ತದೆ, ನಿದ್ದೆ ಹಾರುತ್ತದೆ. ನಿದ್ದೆ ಕೆಟ್ಟರೆ ಮರುದಿನ ಸಣ್ಣದಕ್ಕೂ ದಿಗಿಲು, ಮತ್ತೆ ರಸ. ಹುಲಿ ಕಂಡಾಗ ಓಡಲು ದೇವರು ಕೊಟ್ಟ ಏರ್ಪಾಡನ್ನು ನಾನು ಅಗುಳಿಗಾಗಿ ಖರ್ಚು ಮಾಡುತ್ತಿದ್ದೆ. "ಚಿಂತೆ ಬಿಡಿ" ಎಂದರು. ಅದು ಯಾವ ಸೀಸೆಯಲ್ಲಿ ಸಿಗುತ್ತದೆಂದು ಹೇಳಲಿಲ್ಲ.

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರೆ. ಕಬ್ಬು ಅರೆಯುವ ಕಾಲದಲ್ಲಿ ಸಕ್ಕರೆ ಕಾರ್ಖಾನೆಗೆ ಹೋಗುವ ಗಾಡಿಗಳು ರಾತ್ರಿಯಿಡೀ ನಮ್ಮ ಬೀದಿಯಲ್ಲಿ ಸಾಲುಗಟ್ಟಿರುತ್ತವೆ. ಗಾಡಿಯವರೆಲ್ಲ ಕಬ್ಬಿನ ಮೇಲೆ ಕಂಬಳಿ ಹೊದ್ದು ಮಲಗಿರುತ್ತಾರೆ. ಒಂದು ರಾತ್ರಿ, ಬೀಡಿ ಹಚ್ಚಲು ಎದ್ದಿದ್ದ ಕೆರಗೋಡಿನ ನಿಂಗೇಗೌಡನನ್ನು ಅದು ಹೇಗೆ ನಿದ್ದೆ ಬರುತ್ತದೆಂದು ಕೇಳಿದೆ.

"ಎತ್ತು ಎಚ್ಚರವಾಗೇ ಅವಲ್ಲ ಮೇಷ್ಟ್ರೇ. ಮುಂದ್ಲ ಗಾಡಿ ಓದ್ರೆ ಅವೇ ಎಜ್ಜೆ ಆಕ್ತವೆ. ನಾನ್ಯಾಕೆ ನಿದ್ದೆ ಕೆಡ್ಲಿ? ನಿಮ್ಗೆ ಬರಾಕಿಲ್ವಾ? ಬನ್ನಿ, ಅತ್ತಿ ಮನೀಕಳಿ."

ನಾಚಿಕೆ ಬಿಟ್ಟು ಹತ್ತಿದೆ. ಕಬ್ಬಿನ ಗೆಣ್ಣು ಬೆನ್ನಿಗೆ ಒತ್ತುತ್ತಿತ್ತು. ಅಷ್ಟೇ ನೆನಪು.

ಕಣ್ಣು ಬಿಟ್ಟಾಗ ಬಿಸಿಲು ಏರಿತ್ತು. ಗಾಡಿ ಕಾರ್ಖಾನೆಯ ಹತ್ತಿರಕ್ಕೆ ಬಂದಿತ್ತು. ನಿಂಗೇಗೌಡ ಕೆಂಪು ಕಣ್ಣು ಬಿಟ್ಟುಕೊಂಡು ಮುಂದುಗಡೆ ಕೂತಿದ್ದ.

"ಯಾಕಪ್ಪ, ನೀನು ಮಲಗಲಿಲ್ಲವೇ? ಎತ್ತು ಎಚ್ಚರವಿದ್ದವಲ್ಲ?"

"ನಂಗಾದ್ರೆ ಎತ್ತು ಸಾಕು. ನೀವು ಒಸಬ್ರು, ನಿದ್ದೇಲಿ ಉರುಳಿ ಬಿದ್ದುಬುಟ್ರೆ? ಅದ್ಕೇ ನೋಡ್ಕಂಡು ಕುಂತಿದ್ದೆ ಕಣ್ ಮೇಷ್ಟ್ರೇ."

ಅವನ ಕೈಯಿಂದ ಬಾರುಕೋಲು ಇಸಿದುಕೊಂಡು, "ಈಗ ನೀನು ಮಲಗು" ಎಂದೆ. ಎತ್ತುಗಳಿಗೆ ನನ್ನ ಅಗತ್ಯವಿರಲಿಲ್ಲ, ಶಾಲೆಗೆ ಇತ್ತು. ಆದರೂ ಗೌಡನ ಗೊರಕೆ ನಿಲ್ಲುವವರೆಗೆ ನಾನು ಅಲ್ಲಿಂದ ಏಳಲಿಲ್ಲ.