ಮಂಗಲಾ ಮತ್ತು ದೊಡ್ಡಬಾಯಿ

ಕಡಲಂಚಿನ ಕೇಣಿ ಊರಿನ ಮಂಗಲಾ ಮೊದಮೊದಲು ಹಿಲ್ಲೂರಿನ ಬಸ್ಸು ಹತ್ತುತ್ತಿದ್ದದ್ದು ಮೀನು ಮಾರಲಿಕ್ಕೆ. ಗಂಡ ಕಿಶನ ದೋಣಿಯಿಂದ ತಂದ ಬಂಗಡೆ, ತಾರ್ಲೆಗಳನ್ನು ಬುಟ್ಟಿಗೆ ತುಂಬಿ, ನೀರು ಸೋರುತ್ತದೆಂದು ಕಂಡಕ್ಟರನಿಂದ ಬೈಸಿಕೊಳ್ಳುತ್ತಲೇ ಹೋಗಿ ಮನೆಮನೆಗೆ ಕೊಟ್ಟು ಬರುತ್ತಿದ್ದಳು. ಆಮೇಲೆ ಬೈಕಿಗೆ ಐಸ್ ಪೆಟ್ಟಿಗೆ ಕಟ್ಟಿಕೊಂಡ ಹುಡುಗರು ಬಂದರು. ಇವಳ ಬಸ್ಸು ಮುಟ್ಟುವುದರೊಳಗೆ ಅವರು ಊರನ್ನೇ ಮುಗಿಸಿಬಿಡುತ್ತಿದ್ದರು. ಕೊನೆಗೆ ಅವಳಿಗೆ ಉಳಿದ ಗಿರಾಕಿ ಕಾಡಿನಂಚಿನ ಪ್ರಾಣಿ ಆರೈಕೆ ಕೇಂದ್ರವೊಂದೇ. ಅಲ್ಲಿ ರೆಕ್ಕೆ ಮುರಿದ ಹದ್ದುಗಳಿದ್ದವು, ತಾಯಿಯನ್ನು ಕಳೆದುಕೊಂಡ ನೀರುನಾಯಿಗಳಿದ್ದವು. ಅವಕ್ಕೆ ಮೀನು ಬೇಕಿತ್ತು.

ಕೇಂದ್ರದ ಡಾಕ್ಟರ್ ರೋಷನ ಒಂದು ದಿನ ಕೇಳಿದ, "ಮಂಗಲಕ್ಕ, ಬರೀ ಮೀನು ಕೊಟ್ಟು ಹೋಗೂದಕ್ಕಿಂತ ಇಲ್ಲೇ ಕೆಲಸಕ್ಕೆ ಬರ್ತ್ರ್ಯಾ?"

ಅವಳು ಬಂದಳು. ಗೂಡು ತೊಳೆದಳು, ಹದ್ದಿಗೆ ಮೀನು ಕತ್ತರಿಸಿ ಹಾಕಿದಳು. ಹಾವಿನ ಕೋಣೆಯ ಕಡೆಗೆ ಮಾತ್ರ ಸುಳಿಯುತ್ತಿರಲಿಲ್ಲ. ಬಲೆಯಲ್ಲಿ ಸಿಕ್ಕ ಕಡಲಹಾವನ್ನು ಕೋಲಿನಿಂದ ಎತ್ತಿ ಎಸೆಯುವ ಮನೆಯಲ್ಲಿ ಬೆಳೆದವಳು ಅವಳು.

ಆ ಚಳಿಗಾಲದಲ್ಲಿ ಅರಣ್ಯ ಇಲಾಖೆಯವರು ಯಾವುದೋ ರೆಸಾರ್ಟಿನಿಂದ ಎರಡು ಹೆಬ್ಬಾವುಗಳನ್ನು ಹಿಡಿದು ತಂದರು. ಪ್ರವಾಸಿಗರ ಕೊರಳಿಗೆ ಹಾಕಿ ಫೋಟೋ ತೆಗೆಸಲಿಕ್ಕೆಂದು ಅವನ್ನು ಕದ್ದುಮುಚ್ಚಿ ಗಾಜಿನ ಪೆಟ್ಟಿಗೆಯಲ್ಲಿ ಸಾಕಿದ್ದರಂತೆ. ಗಂಡು ಗಟ್ಟಿಯಾಗಿತ್ತು, ಕೆಲವು ದಿನ ನೋಡಿ ಅದನ್ನು ಕಾಡಿಗೆ ಬಿಟ್ಟರು. ಹೆಣ್ಣು ಅದಕ್ಕಿಂತ ಬಹಳ ದೊಡ್ಡದು. ಹೊರಗೆ ಹೋಗಲು ದಾರಿ ಹುಡುಕುತ್ತ ಗಾಜಿಗೆ ಮೂತಿ ತಿಕ್ಕಿ ತಿಕ್ಕಿ ಅದರ ತುಟಿ ಹರಿದಿತ್ತು, ಬಾಯಿಯೊಳಗೆ ಕೀವಾಗಿತ್ತು. ಯಾರನ್ನೂ ಕಚ್ಚದಿರಲೆಂದು ಮುಂದಿನ ಹಲ್ಲುಗಳನ್ನೂ ಕಿತ್ತಿದ್ದರು.

ಔಷಧಿ ಹಚ್ಚುವಾಗ ಹಿಡಿದುಕೊಳ್ಳಲು ಕೈ ಸಾಲಲಿಲ್ಲ. ರೋಷನ ಮಂಗಲಾಳನ್ನು ಕರೆದ. ಅವಳು ಬಾಗಿಲಲ್ಲೇ ನಿಂತಳು.

"ನನ್ ಹತ್ರ ಆಗೂದಿಲ್ಲ ಡಾಕ್ಟ್ರೇ."

"ತಲೆ ಕಡೆ ನಾನಿರ್ತೆ. ನೀವು ನಡು ಹಿಡೀರಿ ಸಾಕು."

ಕಣ್ಣು ಮುಚ್ಚಿ ಹಿಡಿದಳು. ನೆನೆದ ಲಂಗರು ಹಗ್ಗದಷ್ಟು ಭಾರ, ಒಳಗೆ ಏನೋ ನಿಧಾನ ಹರಿದಾಡಿದ ಹಾಗೆ. ಔಷಧಿ ತಾಗಿದಾಗ ಅದು ಬಾಯಿ ತೆರೆದು ಉಸಿರು ಬಿಟ್ಟಿತು. ಆಗ ಕಣ್ಣು ತೆರೆದವಳಿಗೆ ಆ ಬಾಯಿ ಕಂಡಿತು. ಹುಣ್ಣಾದ ಬಾಯಿ ಯಾರದ್ದಾದರೇನು, ನೋಡಲಾಗುವುದಿಲ್ಲ. "ಅಯ್ಯೋ, ಪಾಪಿಗಳೇ" ಎಂದಳು. ಮರುದಿನ ಯಾರೂ ಕರೆಯದೆ ಅವಳೇ ಬಂದು ನಡು ಹಿಡಿದಳು.

ಪ್ರಾಣಿಗಳಿಗೆ ಹೆಸರಿಡಬಾರದೆಂದು ಕೇಂದ್ರದ ನಿಯಮ. ಮಂಗಲಾ ಅದಕ್ಕೆ ದೊಡ್ಡಬಾಯಿ ಎಂದಳು. ಹಾವಿನ ಬಾಯಿಯೂ ದೊಡ್ಡದು; ಕಾರವಾರದ ಕಡೆ ದೊಡ್ಡ ಮನೆಯ ಹೆಂಗಸರನ್ನು ಬಾಯಿ ಎಂದೇ ಕರೆಯುತ್ತಾರಲ್ಲ. ಹೆಸರು ಎಲ್ಲರ ನಾಲಿಗೆಗೂ ಹತ್ತಿತು.

ಬಾಯಿ ಮಾಯಿತು. ಆದರೆ ಕೀವು ದವಡೆಗೆ ಇಳಿದಿದ್ದರಿಂದ ಹಲ್ಲು ಮತ್ತೆ ಮೂಡಲಿಲ್ಲ, ಬೇಟೆ ಹಿಡಿಯುವ ಶಕ್ತಿ ಬರಲಿಲ್ಲ; ಇದು ಇನ್ನು ಇಲ್ಲೇ ಇರಬೇಕಾದದ್ದು ಎಂದ ರೋಷನ. ಸತ್ತ ಕೋಳಿಯನ್ನು ಬಿಸಿನೀರಲ್ಲಿ ಬೆಚ್ಚಗೆ ಮಾಡಿ ಉದ್ದ ಇಕ್ಕಳದಲ್ಲಿ ಹಿಡಿದು ಕೊಡುವುದನ್ನು ಮಂಗಲಾ ಕಲಿತಳು. ಸ್ವಲ್ಪ ದಿನಕ್ಕೆ ದೊಡ್ಡಬಾಯಿ ಊಟ ಬಿಟ್ಟಿತು. ಮತ್ತೆ ರೋಗವೇ ಎಂದು ಇವಳು ಹೆದರಿದರೆ, ರೋಷನ ಹೊಟ್ಟೆ ಒತ್ತಿ ನೋಡಿ ನಕ್ಕ. ಹೋಳಿ ಕಳೆದ ವಾರ ಅದು ಮೊಟ್ಟೆಯಿಟ್ಟು, ಅವುಗಳ ಮೇಲೆ ಸುರುಳಿ ಸುತ್ತಿ ಕೂತಿತು.

ಮೊಟ್ಟೆಗಳನ್ನು ತಾಯಿಯ ಹತ್ತಿರವೇ ಬಿಡೋಣವೆಂದು ಕೇಂದ್ರದವರು ನಿರ್ಧರಿಸಿದರು. ಗೋಣಿಗೆ ನೀರು ಚಿಮುಕಿಸಿ ಕೋಣೆಯ ತೇವ ಕಾಯುವುದು ಮಂಗಲಾಳ ಕೆಲಸ. ಮಳೆ ತಂದ ಒಂದು ತಂಪು ಬೆಳಿಗ್ಗೆ ಹೋದರೆ ದೊಡ್ಡಬಾಯಿಯ ಮೈಯೆಲ್ಲ ಬಿಟ್ಟುಬಿಟ್ಟು ನಡುಗುತ್ತಿತ್ತು.

"ಡಾಕ್ಟ್ರೇ, ಇದ್ಕೆ ಜ್ವರ ಬಂದದೆ!"

"ಜ್ವರ ಅಲ್ಲ ಮಂಗಲಕ್ಕ. ಮೊಟ್ಟೆಗೆ ಕಾವು ಬೇಕಲ್ಲ? ಮೈ ನಡುಗಿಸಿ ಬಿಸಿ ಮಾಡ್ತದೆ. ನಿಧಾನ ಮುಟ್ಟಿ ನೋಡಿ."

ಅವಳು ಹಿಂಬದಿಯಿಂದ ಅಂಗೈ ಇಟ್ಟಳು. ಇಷ್ಟು ದಿನ ಬಂಡೆಯ ಹಾಗೆ ತಣ್ಣಗಿದ್ದ ಮೈ ಬೆಚ್ಚಗಿತ್ತು. ಬಸ್ಸಿನಲ್ಲಿ ವಾಪಸು ಬರುವಾಗ ಆ ಅಂಗೈಯನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡೇ ಕೂತಿದ್ದಳು.

ಅದೇ ದಿನಗಳಲ್ಲಿ ಮಗಳು ಪೂರ್ಣಿಮಾಳಿಗೆ ಸಂಬಂಧ ಬಂತು. ಪೂರ್ಣಿಮಾ ಕಾರವಾರದ ಆಸ್ಪತ್ರೆಯೊಂದರಲ್ಲಿ ನರ್ಸು. ಹುಡುಗ ಉಲ್ಲಾಸ ಶಿರವಾಡದವನು, ಬೈಕ್ ಶೋರೂಮಿನಲ್ಲಿ ಮೆಕ್ಯಾನಿಕ್. ಇಬ್ಬರೂ ಒಪ್ಪಿದ್ದರು. ಚಾ ಕುಡಿಯುವಾಗ ಉಲ್ಲಾಸನ ತಾಯಿ, "ನೀವು ಮಾಡೂದು ಎಂತ ಕೆಲಸ?" ಎಂದು ಕೇಳಿದರು. ಮಂಗಲಾ ಮುಚ್ಚಿಡಲಿಲ್ಲ. ಆಕೆ ಚಾದ ಕಪ್ಪನ್ನು ಅರ್ಧಕ್ಕೇ ಕೆಳಗಿಟ್ಟರು.

ಹೊರಡುವ ಮುಂಚೆ ಆಕೆ ಮಂಗಲಾಳನ್ನು ಹಿತ್ತಲಿಗೆ ಕರೆದರು. "ಸಿಟ್ಟು ಮಾಡ್ಬೇಡಿ. ನನ್ ತಂಗಿ ಹಾವು ಕಚ್ಚಿ ಹೋದಳು, ನನ್ ತೊಡೆ ಮೇಲೇ. ಹಾವು ಮುಟ್ಟಿದ ಕೈ ನನ್ ಮನೆಗೆ ಬರೂದು ಅಂದ್ರೆ ನಂಗೆ ತಡಕೊಳ್ಳೂಕೆ ಆಗೂದಿಲ್ಲ. ಆ ಕೆಲಸ ಒಂದು ಬಿಟ್ಬಿಡಿ."

ಆಕೆಯ ಕಣ್ಣಲ್ಲಿ ನೀರಿತ್ತು. ಅಂಥವರೊಡನೆ ಹೆಬ್ಬಾವಿಗೆ ವಿಷವಿಲ್ಲ ಎಂದು ವಾದ ಮಾಡಲು ಬಾಯಿ ಬರುತ್ತದೆಯೇ? ಮಂಗಲಾ ಹ್ಞೂಂ ಅಂದಳು. ಮಂಡಿ ನೋವು, ಇನ್ನು ಬಸ್ಸು ಹತ್ತಲಾಗುವುದಿಲ್ಲ ಎಂದು ಮನೆಯಲ್ಲೂ ಕೇಂದ್ರದಲ್ಲೂ ಹೇಳಿ ಮನೆಯಲ್ಲಿ ಕೂತಳು.

ಕೂತಳೆಂದರೆ ಕೂರಲಿಲ್ಲ. ಒಣಮೀನು ಹರವಿದಳು, ಹರವಿದ್ದನ್ನೇ ಮತ್ತೆ ಹರವಿದಳು. ಬಿಸಿಲು ಏರಿದರೆ ಗೋಣಿ ಒಣಗಿತೇನೋ ಅನ್ನುವಳು, ಮೋಡ ಬಂದರೆ ಚಳಿಯಾಯಿತೇನೋ ಅನ್ನುವಳು. ಒಂದು ಸಂಜೆ ರೋಷನನಿಗೆ ಫೋನು ಮಾಡಿ ಪಿಸುಗುಟ್ಟುತ್ತಿದ್ದಾಗ ಪೂರ್ಣಿಮಾ ಹಿಂದೆ ನಿಂತಿದ್ದಳು.

"ಆಯಿ, ಮಂಡಿ ನೋವಿನವಳು ಬೆಳಿಗ್ಗೆಯಿಂದ ಅಂಗಳದಲ್ಲಿ ಓಡಾಡ್ತೆ ಎಂತಕ್ಕೆ? ಖರೆ ಹೇಳು."

ಮಂಗಲಾ ಹೇಳಿದಳು. ಪೂರ್ಣಿಮಾ ಅವಳ ಕೈಯಿಂದ ಫೋನು ತೆಗೆದು ಬದಿಗಿಟ್ಟಳು. "ನಾನೂ ದಿನಾ ಕೀವು, ರಕ್ತ ಮುಟ್ಟಿ ಬರ್ತೆ. ನಾಳೆ ನಂಗೂ ಬಿಡು ಅಂದ್ರೆ? ಉಲ್ಲಾಸನ ಹತ್ರ ನಾನು ಮಾತಾಡ್ತೆ. ಮುರಿದ್ರೆ ಮುರೀಲಿ."

"ಮುರೀಲಿ ಅನ್ಬೇಡ್ವೇ," ಎಂದು ಮಂಗಲಾ ಅತ್ತಳು.

ಮುರಿಯಲಿಲ್ಲ. ಉಲ್ಲಾಸ ಭಾನುವಾರ ತಾನೇ ಬೈಕಿನಲ್ಲಿ ಹಿಲ್ಲೂರಿಗೆ ಹೋಗಿ ಬಂದ. ಜಾಲರಿಯಿಂದ ಮೂರು ಮಾರು ದೂರ ನಿಂತು, ಶರ್ಟು ಪೂರ್ತಿ ಬೆವರಿನಲ್ಲಿ ತೊಯ್ದು, ಆದರೂ ನೋಡಿದ. ಮನೆಗೆ ಹೋಗಿ ತಾಯಿಗೆ ಏನು ಹೇಳಿದನೋ. ವಾರವೆರಡು ಕಳೆದ ಮೇಲೆ ಆಕೆಯೇ ಮಂಗಲಾಳಿಗೆ ಫೋನು ಮಾಡಿದರು: "ನಿಮ್ಮ ಕೆಲಸ ನೀವು ಮಾಡಿ. ಆದ್ರೆ ಅಲ್ಲಿಂದ ಸೀದಾ ನಮ್ಮನೆಗೆ ಬರ್ಬೇಡಿ. ಮಿಂದು, ಸೀರೆ ಬದಲಾಯಿಸಿ ಬನ್ನಿ. ಮತ್ತೆ, ಅದರ ಸುದ್ದಿ ನನ್ನ ಎದುರಿಗೆ ಬೇಡ."

"ಹಾಗೇ ಆಗ್ಲಿ," ಎಂದಳು ಮಂಗಲಾ. ಆ ಭಯ ಮಾತಿನಿಂದ ಹೋಗುವುದಲ್ಲ, ಅದನ್ನು ಇಟ್ಟುಕೊಂಡೇ ಆಕೆ ಇಷ್ಟು ದೂರ ಬಂದದ್ದು ದೊಡ್ಡದು ಎಂದು ಅವಳಿಗೆ ತೋರಿತು.

ಮರುದಿನ ಮೊದಲ ಬಸ್ಸಿಗೇ ಹೋದಳು. ದೊಡ್ಡಬಾಯಿ ಸೊರಗಿತ್ತು, ಬೆನ್ನೆಲುಬು ಎದ್ದು ಕಾಣುತ್ತಿತ್ತು. ಅವಳನ್ನು ಕಂಡು ತಲೆ ಎತ್ತಲಿಲ್ಲ, ಏನಿಲ್ಲ.

"ನಿಮ್ಮ ಗುರ್ತು ಸಿಕ್ಲಿಲ್ಲ ನೋಡಿ," ಎಂದ ರೋಷನ.

"ಅದ್ಕೆ ನಾನು ಯಾರು? ಗುರ್ತು ನಂಗಿದ್ರೆ ಸಾಕು," ಎಂದು ಅವಳು ಗೋಣಿ ನೆನೆಸಲು ಹೋದಳು.

ಮಳೆ ಹಿಡಿಯುವುದಕ್ಕೆ ಮುಂಚೆ, ಟ್ರಾಲರುಗಳನ್ನೆಲ್ಲ ದಡಕ್ಕೆ ಎಳೆಯುವ ಹೊತ್ತಿಗೆ, ಮೊಟ್ಟೆಗಳು ಬಿರಿದವು. ಮೊದಲು ಒಂದು ಸೀಳು, ಅದರಿಂದ ಹೆಬ್ಬೆರಳಿನಷ್ಟು ಮೂತಿ. ಇಡೀ ದಿನ ಹಾಗೆಯೇ ಹೊರಗೆ ನೋಡುತ್ತಿದ್ದು, ಮರುದಿನ ಒಂದೊಂದೇ ಜಾರಿ ಬಂದವು. ಕೆಲವು ಬಿರಿಯಲೇ ಇಲ್ಲ. ಅವನ್ನು ಮಂಗಲಾ ಹೊರಗೆ ಒಯ್ದು ಮಣ್ಣು ಮಾಡಿದಳು. ಮರಿಗಳು ಹೊರಬಿದ್ದ ಮೇಲೆ ದೊಡ್ಡಬಾಯಿ ಸುರುಳಿ ಬಿಚ್ಚಿ ನೀರಿನ ತೊಟ್ಟಿಗೆ ಹೋಗಿ ಮಲಗಿತು, ಅವುಗಳ ಕಡೆ ತಿರುಗಿಯೂ ನೋಡಲಿಲ್ಲ. ವಾರ ಕಳೆದು ಇವಳ ಇಕ್ಕಳದಿಂದ ಕೋಳಿ ತೆಗೆದುಕೊಂಡಿತು.

ಮರಿಗಳು ಒಮ್ಮೆ ಪೊರೆ ಬಿಟ್ಟ ಮೇಲೆ ಅರಣ್ಯದವರು ಅವನ್ನು ಕಾಡಿನ ಬೇರೆ ಬೇರೆ ಹಳ್ಳಗಳ ಬದಿಗೆ ಬಿಡಲು ಬಂದರು. ಚೀಲಕ್ಕೆ ತುಂಬುವ ಕೆಲಸ ಮಂಗಲಾಳದು. ಒಂದೂ ಸುಮ್ಮನೆ ಹೋಗಲಿಲ್ಲ, ಬೆರಳಿಗೆಲ್ಲ ಕಚ್ಚಿ ಸೂಜಿಮೊನೆಯಂಥ ರಕ್ತದ ಚುಕ್ಕೆಗಳನ್ನು ಮೂಡಿಸಿ ಹೋದವು.

ಆ ಸಂಜೆ ಮನೆಯಲ್ಲಿ ಒಣಮೆಣಸು ಅರೆಯಲು ಕೈ ಹಾಕಿ "ಹಾ!" ಎಂದಳು. ಕಿಶನ ಬೆರಳು ಹಿಡಿದು ನೋಡಿದ.

"ನೀನು ಕಾದು ಕೂತ ಮರಿಗಳೇ ಕಚ್ಚಿದ್ವಾ?"

"ಕಚ್ಚಿದ್ವು. ಒಂದೂ ಬಿಡದೆ ಕಚ್ಚಿದ್ವು ಮಾರಾಯ," ಎಂದು ಅವಳು ನಗತೊಡಗಿದಳು. "ಅವುಗಳ ಬಾಯಲ್ಲಿ ಹಲ್ಲು ಸಮಾ ಅದೆ, ತಾಯಿ ಹಾಗೆ ಅಲ್ಲ."

ಕಿಶನ ಅವಳನ್ನು ಬದಿಗೆ ಸರಿಸಿ ಮಸಾಲೆ ತಾನೇ ಅರೆಯಲು ಕೂತ.